ಇ–ಕಲಿಕೆಯ ಬಜೆಟ್‌ನಲ್ಲಿ ಮೇಷ್ಟ್ರ ಗಂಟೆಗಳು ಎಲ್ಲಿ?

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿಯೊಬ್ಬರು ವಿಡಿಯೊ ಪಾಠ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ರಾತ್ರಿ ಹತ್ತು ದಾಟಿ, ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೆಲಸ ಶುರು. ಸದ್ದು ಸೇರಬಾರದೆಂದು ಫ್ಯಾನ್ ಬಂದ್. ಅಕ್ಕಿಡಬ್ಬಿಗೆ ಒರಗಿಸಿಟ್ಟ ಮೊಬೈಲ್. ಬೇಡಿಕೆಯ ರೇಖೆ ಏಕೆ ಇಳಿಯುತ್ತದೆ ಎಂಬ ಹದಿನೈದು ನಿಮಿಷದ ಪಾಠಕ್ಕೆ ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆ ಯಾವ ಕಾರ್ಯಭಾರದ ಪಟ್ಟಿಯಲ್ಲೂ ಇಲ್ಲ.

ವಿಶ್ವವಿದ್ಯಾಲಯಗಳ ಇ–ಕಲಿಕಾ ಯೋಜನೆ ಸೋಲುವುದು ಇಲ್ಲೇ. ಸರ್ವರ್, ಸ್ಮಾರ್ಟ್ ಬೋರ್ಡ್, ಸ್ಟುಡಿಯೊಗೆ ಟೆಂಡರ್ ಕರೆಯುತ್ತೇವೆ. ಪಾಠ ಕಟ್ಟುವವರ ಸಮಯಕ್ಕೆ ಮಾತ್ರ ಲೆಕ್ಕಶೀರ್ಷಿಕೆಯೇ ಇಲ್ಲ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ ನಿಗದಿಪಡಿಸಿದೆ. ಆನ್‌ಲೈನ್ ಪಾಠ ಸಿದ್ಧಪಡಿಸಲು ಅದರಲ್ಲಿ ನಾಲ್ಕು ಗಂಟೆಯನ್ನಾದರೂ ಬಿಟ್ಟುಕೊಡದೆ ‘ವಿಷಯವಸ್ತು ಅಪ್‌ಲೋಡ್ ಮಾಡಿ’ ಎಂದು ಸುತ್ತೋಲೆ ಕಳಿಸಿದರೆ ಬರುವುದು ಹಳೆಯ ನೋಟ್ಸಿನ ಪಿಡಿಎಫ್.

ತಂತ್ರಜ್ಞಾನ ನಮಗೆ ಹೊಸದೇನಲ್ಲ. 2004ರಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್ ಮೂಲಕ ಮೊದಲು ಪಾಠ ಬಿತ್ತರಿಸಿದವರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. 2010ಕ್ಕೆ ಆ ಉಪಗ್ರಹದ ಆಯುಸ್ಸು ಮುಗಿಯಿತು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ವೇದಿಕೆ ‘ಸ್ವಯಂ’ ಬಂತು. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು ಅದರಲ್ಲೇ ಓದಬಹುದೆಂದು 2021ರಲ್ಲಿ ಯುಜಿಸಿ ಹೇಳಿತು. ಆದರೆ ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ಬಿ.ಎ. ವಿದ್ಯಾರ್ಥಿ ಅಲ್ಲಿನ ಇಂಗ್ಲಿಷ್ ಉಪನ್ಯಾಸದ ಎದುರು ಎಷ್ಟು ಹೊತ್ತು ಕೂತಾನು? ಅವನಿಗೆ ಬೇಕಿರುವ ಕನ್ನಡದ ಪಾಠ ಬರಬೇಕಾದದ್ದು ಆ ಅಡುಗೆಮನೆಯಿಂದಲೇ.

ಕಲಿಯುವವರನ್ನು ಕೇಳದೆ ವೇದಿಕೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ದುಬಾರಿ ಬೆಲೆ ತೆತ್ತು ಕಲಿತಿದೆ. ಜಗತ್ತಿಗೇ ಪದವಿ ಕೊಡುತ್ತೇವೆಂದು ಹೊರಟ ಅಲ್ಲಿನ ಸರ್ಕಾರದ ಇ–ವಿಶ್ವವಿದ್ಯಾಲಯ ಸುಮಾರು 5 ಕೋಟಿ ಪೌಂಡ್ ನುಂಗಿ 2004ರಲ್ಲಿ ಮುಚ್ಚಿತು. ಸೇರಿದ್ದ ವಿದ್ಯಾರ್ಥಿಗಳು 900 ಮಾತ್ರ. ಅದೇ ದೇಶದಲ್ಲಿ 1969ರಲ್ಲಿ ಹುಟ್ಟಿದ ಮುಕ್ತ ವಿಶ್ವವಿದ್ಯಾಲಯ ಇಂದಿಗೂ ಗಟ್ಟಿಯಾಗಿದೆ. ಅಲ್ಲಿ ಪಾಠ ಬರೆಯುವುದು ಒಬ್ಬರ ಕೆಲಸವಲ್ಲ, ಒಂದು ತಂಡದ ಕೆಲಸ. ಓದುವವರ ಉತ್ತರ ತಿದ್ದಿ ಮಾತಾಡಿಸಲು ಬೋಧಕರಿದ್ದಾರೆ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಬಲದಿಂದ. ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆಂಬ ಖಾತರಿಯಿಲ್ಲ. ಹಾಗಾದರೆ ಪಾಠವನ್ನು ವರ್ಷವರ್ಷ ತಿದ್ದುವವರು ಯಾರು? ಅದರ ಹಕ್ಕು ಯಾರದು? ಕುಲಪತಿಗಳು ಹೊಸ ತಂತ್ರಾಂಶ ಕೊಳ್ಳುವ ಮೊದಲು ವಿದ್ಯಾವಿಷಯಕ ಪರಿಷತ್ತಿನ ಮುಂದಿಡಬೇಕಾದ ಪ್ರಶ್ನೆಗಳು ಇವು. ಪಾಠ ರೂಪಿಸುವವರಿಗೆ ಸಂಭಾವನೆ, ಬಡ್ತಿಯಲ್ಲಿ ಅಂಕ, ಕಾರ್ಯಭಾರದಲ್ಲಿ ರಿಯಾಯಿತಿ ಕೊಡಲು ಯಾವ ಉಪಗ್ರಹವೂ ಬೇಕಿಲ್ಲ.

ಮರುವರ್ಷದ ಕೌನ್ಸೆಲಿಂಗ್‌ನಲ್ಲಿ ಆ ಉಪನ್ಯಾಸಕಿಗೆ ಬೇರೆ ತಾಲ್ಲೂಕಿನ ಕಾಲೇಜು ಸಿಕ್ಕಿತು. ಅವರ ವಿಡಿಯೊ ಹಳೆಯ ಕಾಲೇಜಿನ ಖಾತೆಯಲ್ಲೇ ಉಳಿದಿದೆ. ಅದರ ಕೆಳಗೆ ವಿದ್ಯಾರ್ಥಿಯೊಬ್ಬ ಕೇಳಿದ್ದ: ‘ಮೇಡಂ, ಬೆಲೆ ಏರಿದರೂ ಜನ ಚಿನ್ನ ಕೊಳ್ಳುತ್ತಾರಲ್ಲ, ಅದು ಹೇಗೆ?’ ಉತ್ತರ ಇನ್ನೂ ಬಂದಿಲ್ಲ.