ಮೊಬೈಲ್ ಗುರುವಿಗೆ ಕಣ್ಣಿಲ್ಲ

ಬೆಳಗಿನ ಹೊತ್ತು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಕಡೆ ಹೋದರೆ ವಾಕಿಂಗ್ ಮಾಡುವವರ ಜಾತ್ರೆಯೇ ಕಾಣುತ್ತದೆ. ಪೆನ್ಶನ್‌ದಾರರು, ವಕೀಲರು, ಪೇಟೆಯ ವ್ಯಾಪಾರಸ್ಥರು. ಅದೇ ಹೊತ್ತಿಗೆ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಹಾಯ್ದು ಬರ್ರಿ. ಮೈದಾನಕ್ಕೆ ಹೋಗುವ ಪುರಸತ್ತು ಅಲ್ಲಿಯವರಿಗಿಲ್ಲ. ಆದರೆ ಮಗ್ಗದ ಸಪ್ಪಳದ ನಡುವೆ ಈಗ ಹೊಸದೊಂದು ದನಿ ಕೇಳಿಬರುತ್ತದೆ. ಗೋಡೆಗೆ ಆನಿಸಿಟ್ಟ ಮೊಬೈಲ್ ಹೇಳುತ್ತಿರುತ್ತದೆ: 'ಉಸಿರು ಒಳಗೆ ತಗೊಳ್ಳಿ, ನಿಧಾನವಾಗಿ ಹೊರಗೆ ಬಿಡಿ.' ಎದುರಿಗೆ ಜಮಖಾನದ ಮೇಲೆ ಒಬ್ಬ ತಾಯಿ ಸೀರೆಯ ಸೆರಗು ಸಿಗಿಸಿಕೊಂಡು ಕೈ ಮೇಲೆತ್ತಿರುತ್ತಾಳೆ.

ಹತ್ತು ನಿಮಿಷದ ಯೋಗ. ಫೀ ಇಲ್ಲ, ಬಸ್ ಚಾರ್ಜಿಲ್ಲ, ಕ್ಲಾಸಿನಲ್ಲಿ ನಾಲ್ಕು ಜನರ ಮುಂದೆ ನಾಚಿಕೊಳ್ಳುವ ಪ್ರಸಂಗವಿಲ್ಲ. ಖಾನಾಪುರ ಕಡೆಯವರಿಗಂತೂ ಇದು ವರದಾನವೇ ಸರಿ. ಮಳೆಗಾಲ ಹಿಡಿಯಿತೆಂದರೆ ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಹೊರಗೆ ಕಾಲಿಡುವಂತಿಲ್ಲ. ಅಲ್ಲಿ ಯಾವ ಮೈದಾನ, ಯಾವ ವಾಕಿಂಗು?

ಹತ್ತು ನಿಮಿಷದಿಂದ ಏನಾದೀತು ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಮೊದಲು ವ್ಯಾಯಾಮವನ್ನು ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಬೇಕೆಂದು ಹೇಳುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಶರತ್ತನ್ನೇ ಕೈಬಿಟ್ಟಿತು. ಮೈ ಆಡಿಸಿದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಈಗಿನ ಮಾತು. ಬಹುದಿನದ ಸೊಂಟನೋವಿಗೆ ಗುಳಿಗೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಸೇರಿಸಿತು. ದಿನವಿಡೀ ಮಗ್ಗದ ಮುಂದೆ ನಿಲ್ಲುವ ನೇಕಾರನಿಗೂ, ಉದ್ಯಮಬಾಗದ ಫೌಂಡ್ರಿಯಲ್ಲಿ ಭಾರ ಎತ್ತುವವನಿಗೂ, ಖಾನಾಪುರದ ಇಟ್ಟಂಗಿ ಭಟ್ಟಿಯಲ್ಲಿ ಬಾಗಿ ದುಡಿಯುವ ಹೆಣ್ಣುಮಗಳಿಗೂ ಇದು ಬೇಕಾದ ಸುದ್ದಿಯೇ.

ಹಾಗಾದರೆ ತಕರಾರು ಏನು? ತಕರಾರು ಇಷ್ಟೇ: ವಿಡಿಯೋದ ಗುರುವಿಗೆ ಬಾಯಿ ಇದೆ, ಕಣ್ಣಿಲ್ಲ. ಅವನನ್ನು ನೀವು ನೋಡುತ್ತೀರಿ, ನಿಮ್ಮನ್ನು ಅವನು ನೋಡುವುದಿಲ್ಲ. ನಿಮ್ಮ ಮೊಣಕಾಲು ಸೊಟ್ಟಗಿದ್ದರೂ 'ಬಹಳ ಚೆನ್ನಾಗಿದೆ' ಅಂತಾನ. ಕುತ್ತಿಗೆ ನೋಯಿಸಿಕೊಂಡರೂ 'ಇನ್ನಷ್ಟು ಬಾಗಿ' ಅಂತಾನ. ರಕ್ತದೊತ್ತಡ ಹೆಚ್ಚಿದ್ದವರು, ಕಣ್ಣಿನ ಗ್ಲಾಕೋಮಾ ಇದ್ದವರು ಶೀರ್ಷಾಸನದ ಗೊಡವೆಗೆ ಹೋಗಬಾರದು. ಕುತ್ತಿಗೆಯ ಎಲುಬು ಸವೆದವರಿಗೆ ಸರ್ವಾಂಗಾಸನ ಸಲ್ಲದು. ಬಸುರಿಯರು, ಹರ್ನಿಯಾ ಇದ್ದವರು ಕಪಾಲಭಾತಿ ಮಾಡತಕ್ಕದ್ದಲ್ಲ. ಇದನ್ನೆಲ್ಲ ವಿಡಿಯೋದ ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ಓದುವವರಾರು? ಇನ್ನು ಕೆಲವರು 'ಯೋಗ ಸುರು ಮಾಡೀನಲ್ಲ, ಇನ್ನ ಗುಳಿಗಿ ಯಾಕ್ರೀ?' ಎಂದು ಬಿ.ಪಿ., ಸಕ್ಕರೆ ಕಾಯಿಲೆಯ ಔಷಧವನ್ನೇ ಬಿಡುತ್ತಾರೆ. ಇದಕ್ಕಿಂತ ದೊಡ್ಡ ಅನಾಹುತ ಬೇರೊಂದಿಲ್ಲ. ಡಾಕ್ಟರರು ಹೇಳುವ ತನಕ ಗುಳಿಗೆ ನಿಲ್ಲಿಸಬೇಡಿರಿ.

ನೋಡಿ ತಿದ್ದುವ ಕಣ್ಣಿನ ಬೆಲೆ ನಮ್ಮೂರಿಗೆ ಹೊಸದೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಎಳವೆಯಲ್ಲಿ ಮಲೇರಿಯಾ, ವಿಷಮಶೀತ ಜ್ವರ, ಕ್ಷಯಗಳಿಂದ ಬಳಲಿದ ಹುಡುಗನೊಬ್ಬ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಲೋಕಪ್ರಸಿದ್ಧನಾದ. ಗುರು ಟಿ. ಕೃಷ್ಣಮಾಚಾರ್ಯರ ಜೊತೆ 1936ರ ಸುಮಾರಿಗೆ ಆತ ನಮ್ಮ ಭಾಗಕ್ಕೆ ಬಂದಾಗ, ಬೆಳಗಾವಿಯ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಅವನ ಆಸನಗಳನ್ನು ಕಂಡು ಮೆಚ್ಚಿದರು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ 1937ರಲ್ಲಿ ಅವನನ್ನು ಅಲ್ಲಿಗೆ ಕರೆಸಿಕೊಂಡವರೂ ಅವರೇ. ಆಗ ಹುಡುಗನಿಗೆ 18 ವರ್ಷ. ಮುಂದಿನದು ಜಗತ್ತಿಗೇ ಗೊತ್ತು. ವೈದ್ಯ ಮತ್ತು ಯೋಗಶಿಕ್ಷಕ ಪರಸ್ಪರ ಕೈಹಿಡಿದ ಆ ಕಥೆಯ ಆರಂಭ ನಮ್ಮ ಬೆಳಗಾವಿಯದು!

ಅದೇ ಅಯ್ಯಂಗಾರರು ಮುಂದೆ ಮುದುಕರಿಗೂ ರೋಗಿಗಳಿಗೂ ಆಸನ ಎಟುಕುವಂತೆ ಕುರ್ಚಿ, ಹಗ್ಗ, ಪಟ್ಟಿ, ಕಟ್ಟಿಗೆಯ ಇಟ್ಟಿಗೆಗಳನ್ನು ಬಳಕೆಗೆ ತಂದರು. ನೆಲ ಮುಟ್ಟದ ಕೈಗೆ ನೆಲವನ್ನೇ ಎತ್ತರಿಸಿಕೊಟ್ಟರು. ಹೀಗೆ ಮಾಡಲು ಎದುರಿಗಿರುವ ಮನುಷ್ಯನನ್ನು ಮೊದಲು ನೋಡಬೇಕಾಗುತ್ತದೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. 2014ರಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಸಾರಿತು. 2015ರಿಂದ ವರ್ಷಕ್ಕೊಮ್ಮೆ ಶಾಮಿಯಾನ, ಬ್ಯಾನರು, ಫೋಟೋ ಎಲ್ಲವೂ ಸಾಂಗವಾಗಿ ನಡೆಯುತ್ತದೆ. ನಡೆಯಲಿ. ಆದರೆ ಜೂನ್ 22ರಂದು ವಡಗಾವಿಯ ನೇಕಾರ ಯಾರನ್ನು ಕೇಳಬೇಕು? ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿದೆ, ಯೋಗವೂ ಅವುಗಳ ಕೆಲಸದ ಪಟ್ಟಿಯಲ್ಲಿದೆ. ಅಲ್ಲಿ ತಿಂಗಳಿಗೊಂದು ದಿನ ಗೊತ್ತು ಮಾಡಿ, ಮನೆಯಲ್ಲಿ ಮಾಡುವವರು ಬಂದು ಮಾಡಿ ತೋರಿಸಲಿ. ಬಲ್ಲವರೊಬ್ಬರು ನೋಡಿ 'ಇದ ಮಾಡ್ರಿ ಅಕ್ಕಾರ, ಇದ ಬ್ಯಾಡ' ಎಂದರೆ ಸಾಕು. ಖಾನಾಪುರದಲ್ಲಿ ಮಳೆಗಾಲದ ಮಟ್ಟಿಗೆ ಸರಕಾರಿ ಶಾಲೆಯ ಕೋಣೆಯೊಂದನ್ನು ಬೆಳಗಿನ ಒಂದು ತಾಸು ಬಿಟ್ಟುಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನೊಂದು ಮಾತು. ಇಲ್ಲಿಯ ಶಿಕ್ಷಕರಿಂದಲೇ ಹತ್ತು ನಿಮಿಷದ ವಿಡಿಯೋಗಳನ್ನು ತಯಾರಿಸಬೇಕು. ಅದರಲ್ಲಿ ನಮ್ಮ ಮಾತು ಇರಲಿ, ಸೀರೆ ಉಟ್ಟವರೂ ಕುರ್ಚಿ ಮೇಲೆ ಕುಂತ ಅಜ್ಜಾರೂ ಇರಲಿ. ಕನ್ನಡದಲ್ಲೂ ಇರಲಿ, ಮರಾಠಿಯಲ್ಲೂ ಇರಲಿ. ಬೆನ್ನುನೋವಿಗೆ ಗಡಿ ತಂಟೆ ಇಲ್ಲ. ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ ಇಲ್ಲದವರು ಸಂತೆಗೆ ಬಂದಾಗ ಮೊಬೈಲಿಗೆ ತುಂಬಿಕೊಂಡು ಹೋದಾರು.

ಕಡೆಯ ಮಾತು ಮನೆಯ ಯಜಮಾನರಿಗೆ. ಆ ತಾಯಿ ಹತ್ತು ನಿಮಿಷದ ವಿಡಿಯೋ ಮುಗಿಸಲಿಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಕೈ ಮೇಲೆತ್ತಿದಾಗ 'ಚಾ ಆತೇನ?' ಎಂಬ ಕೂಗು, ಕಣ್ಣು ಮುಚ್ಚಿದಾಗ 'ನನ್ನ ಅಂಗಿ ಎಲ್ಲೈತಿ?' ಎಂಬ ಪ್ರಶ್ನೆ. ಆಯುಷ್ ಇಲಾಖೆಗೆ ಅರ್ಜಿ ಕೊಟ್ಟರೂ ಇದಕ್ಕೆ ಪರಿಹಾರ ಸಿಗದು. ಒಲೆಯ ಮೇಲಿನ ಹಾಲು ಉಕ್ಕದಂತೆ ಹತ್ತೇ ನಿಮಿಷ ನೀವು ನಿಂತು ನೋಡಿಕೊಳ್ಳಿರಿ. ಯಜಮಾನರೇ, ಅದೂ ಒಂದು ಆಸನವೇ. ನಾಳೆಯಿಂದಲೇ ಸುರು ಮಾಡಬಹುದು.