ಮಾತಿಗೂ ಒಂದು ಪಿಗ್ಮಿ ಕಟ್ಟೋಣ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಬಂಧುಗಳೇ,

ನಿಮ್ಮೂರಿನ ಶಾಲೆಯ ಎರಡನೇ ತರಗತಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. "ಪುಸ್ತಕ ಮುಚ್ಚಿ, ಸ್ಲೇಟು ತೆಗೆಯಿರಿ, ನಿನ್ನೆ ಕೊಟ್ಟ ಲೆಕ್ಕ ಬರೆಯಿರಿ" ಎನ್ನುತ್ತಾರೆ ಟೀಚರ್. ಒಂದು ಮಗು ಪುಸ್ತಕ ಮುಚ್ಚುತ್ತದೆ, ಆಮೇಲೆ ಪಕ್ಕದವಳ ಕೈ ನೋಡುತ್ತದೆ. ಅವಳು ಸ್ಲೇಟು ತೆಗೆದರೆ ತಾನೂ ತೆಗೆಯುತ್ತದೆ, ಅವಳು ಬರೆದದ್ದನ್ನೇ ಬರೆಯುತ್ತದೆ. ಅದಕ್ಕೆ ಕಿವಿ ಕೇಳುತ್ತದೆ. ಅಂಗಡಿಗೆ ಹೋದರೆ ದಾರಿ ತಪ್ಪುವುದಿಲ್ಲ, ಬಿಚ್ಚಿಟ್ಟ ಆಟಿಕೆಯನ್ನು ತಾನೇ ಜೋಡಿಸುತ್ತದೆ. ಒಂದರ ಬೆನ್ನಿಗೆ ಒಂದು ಬಂದ ಮೂರು ಮಾತುಗಳನ್ನು ಹಿಡಿದಿಟ್ಟುಕೊಳ್ಳುವುದು ಮಾತ್ರ ಅದಕ್ಕೆ ಆಗುತ್ತಿಲ್ಲ. ನಾವೋ, ಉದಾಸೀನ ಎನ್ನುತ್ತೇವೆ, ಹಠ ಎನ್ನುತ್ತೇವೆ, ಕಾಪಿ ಹೊಡೆಯುತ್ತಾನೆ ಎನ್ನುತ್ತೇವೆ.

ಇದು ಬೆಳವಣಿಗೆಯ ಭಾಷಾ ತೊಂದರೆ. ತಜ್ಞರು ಡಿಎಲ್‌ಡಿ ಎನ್ನುತ್ತಾರೆ. 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನದಲ್ಲಿ, ಆಗಷ್ಟೇ ಶಾಲೆಗೆ ಸೇರಿದ ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಬೇರೆ ಯಾವ ಕಾಯಿಲೆಯ ಕಾರಣವೂ ಇಲ್ಲದೆ ಈ ತೊಂದರೆ ಇತ್ತು. ಮೂವತ್ತು ಮಕ್ಕಳ ತರಗತಿಗೆ ಇಬ್ಬರು ಎಂದಾಯಿತು. ಶ್ರವಣದೋಷ, ಆಟಿಸಂ, ಬುದ್ಧಿ ಬೆಳವಣಿಗೆಯ ಕೊರತೆಗಳ ಜೊತೆಗೆ ಮಾತಿನ ತೊಂದರೆ ಇರುವ ಮಕ್ಕಳು ಈ ಲೆಕ್ಕಕ್ಕೆ ಹೊರತು.

ನಮ್ಮ ಜಿಲ್ಲೆಯಲ್ಲಿ ನೆರವಿನ ಬಾಗಿಲುಗಳಿಗೆ ಬರವಿಲ್ಲ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ತಜ್ಞರನ್ನು ತಯಾರು ಮಾಡುವ ವಿಭಾಗವೇ ಇದೆ. ಉಡುಪಿಯಲ್ಲಿ ಆಶಾ ನಿಲಯ, ಮಣಿಪಾಲದಲ್ಲಿ ಆಸರೆ, ಕಾಪು ಕಡೆಯ ಪಾಂಬೂರಿನಲ್ಲಿ ಮಾನಸ, ಕಾರ್ಕಳದ ಅಯ್ಯಪ್ಪನಗರದಲ್ಲಿ ವಿಜೇತ ವಿಶೇಷ ಶಾಲೆಗಳಿವೆ. ಸರಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ತಪಾಸಣೆಗೆ ಬರಬೇಕು. ಮಾತು ತಡವಾಗುವುದೂ ಅವರ ಪಟ್ಟಿಯಲ್ಲಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರಿದ್ದಾರೆ.

ಹಾಗಿದ್ದರೆ ಮಗು ಎಲ್ಲಿ ಕೈತಪ್ಪುತ್ತದೆ? ಮೊದಲನೆಯದು ಕಾಗದಪತ್ರದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಶೇ. 40 ಅಥವಾ ಹೆಚ್ಚಿನ ತೊಂದರೆ ಇದ್ದವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆದರೆ ಅದರಲ್ಲಿ ವಾಕ್ ಮತ್ತು ಭಾಷಾ ಅಂಗವೈಕಲ್ಯವೆಂದರೆ ದೇಹದ ಅಥವಾ ನರಮಂಡಲದ ಕಾರಣದಿಂದ ಬಂದ ಶಾಶ್ವತ ತೊಂದರೆ. ಕಾರಣವೇ ಗೊತ್ತಾಗದ ಡಿಎಲ್‌ಡಿ ಆ ಚೌಕಟ್ಟಿನಲ್ಲಿ ಸುಲಭಕ್ಕೆ ಕೂರುವುದಿಲ್ಲ. ಪ್ರಮಾಣಪತ್ರ ಸಿಗದ ಮಗುವಿಗೆ ದಾನಿಗಳಾದ ನಾವೇ ದಿಕ್ಕು.

ಎರಡನೆಯದು ಬಸ್‌ಸ್ಟ್ಯಾಂಡಿನಲ್ಲಿ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು. ಮುಕ್ಕಾಲು ಗಂಟೆಯ ಥೆರಪಿಗೆ ತಾಯಿಯ ಒಂದು ದಿನ ಹೋಗುತ್ತದೆ. ಬೀಡಿ ಕಟ್ಟುವ, ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸಿಗೆ ಆ ದಿನವೆಂದರೆ ಆ ದಿನದ ಸಂಬಳ. ಮೊದಲೆರಡು ವಾರ ಬರುತ್ತಾಳೆ. ಮೂರನೇ ವಾರ ಜಡಿಮಳೆ. ನಾಲ್ಕನೇ ವಾರ ಸಂಘದ ಸಾಲದ ಕಂತು. ಐದನೇ ವಾರಕ್ಕೆ ನಿಂತೇ ಹೋಗುತ್ತದೆ. ಥೆರಪಿ ಒಂದು ಇಂಜೆಕ್ಷನ್ನಿನಲ್ಲಿ ಮುಗಿಯುವ ಮದ್ದಲ್ಲ. ಅದು ತಿಂಗಳುಗಟ್ಟಲೆ ತಪ್ಪದೆ ನಡೆಯಬೇಕು.

ಈ ಮಣ್ಣಿಗೆ ಹೊಸ ಪಾಠ ಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಕಟ್ಟಿಸಿಕೊಂಡರು. ಒಂದೇ ಸಲ ದೊಡ್ಡ ಮೊತ್ತ ತರಲಾಗದ ನೇಕಾರರೂ ಸಣ್ಣ ವ್ಯಾಪಾರಿಗಳೂ ದಿನದಿನದ ಚಿಲ್ಲರೆಯಿಂದ ಗಂಟು ಕಟ್ಟಿದರು. ಮಗುವಿನ ಮಾತೂ ಬೆಳೆಯುವುದು ಹೀಗೆಯೇ, ದಿನಾ ಒಂದಿಷ್ಟು, ತಪ್ಪದೆ. ನಮ್ಮ ದಾನವೂ ಹಾಗೆಯೇ ಹರಿಯಬೇಕೆಂಬುದು ನನ್ನ ಕೋರಿಕೆ.

ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ವಿಶೇಷ ಶಾಲೆಯಲ್ಲಿ ಒಂದು ದಿನದ ಊಟ ಕೊಡಿಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಅದು ನಿಲ್ಲುವುದು ಬೇಡ. ಅದರ ಜೊತೆಗೆ ಒಂದು ಮಗುವಿನ ಒಂದು ವರ್ಷವನ್ನು ವಹಿಸಿಕೊಳ್ಳಿ. ತಾಯಿ ಮಗುವಿನ ಬಸ್ಸಿನ ಖರ್ಚು, ಅವಳು ಕಳೆದುಕೊಳ್ಳುವ ಕೂಲಿ, ಕಿವಿ ಕೇಳದ ಮಗುವಾದರೆ ಶ್ರವಣಯಂತ್ರದ ಬ್ಯಾಟರಿ, ಕಿವಿ ಬೆಳೆದಂತೆ ಬದಲಿಸಬೇಕಾದ ಅಚ್ಚು, ಚಿತ್ರಪುಸ್ತಕ: ಯಾವುದೂ ಹೆಸರು ಕೆತ್ತಿಸುವಂಥ ಖರ್ಚಲ್ಲ, ಆದರೆ ಮಗು ಕೈತಪ್ಪಿಹೋಗುವುದು ಇವು ಇಲ್ಲದ್ದರಿಂದಲೇ. ಹತ್ತು ಮನೆಯವರು ಸೇರಿದರೆ ಒಂದು ಮಗುವಿನ ವರ್ಷ ದಾಟೀತು. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂದಿರ, ಚರ್ಚು, ಜಮಾತುಗಳು ಸೇರಿದರೆ ತಜ್ಞರೊಬ್ಬರನ್ನು ವಾರಕ್ಕೊಮ್ಮೆ ಕಾಪುವಿಗೂ ಕಾರ್ಕಳಕ್ಕೂ ಕರೆಸಬಹುದು. ಆಗ ಹತ್ತು ತಾಯಂದಿರು ಬಸ್ಸು ಹತ್ತುವ ಬದಲು ಆ ತಜ್ಞರೊಬ್ಬರು ಹತ್ತಿದರೆ ಸಾಕು. ಹಣ ಕೊಡುವಾಗ ನೋಂದಾಯಿತ ಸಂಸ್ಥೆಯ ಹೆಸರಿಗೇ ಕೊಡಿ, ರಶೀದಿ ಕೇಳಿ, ವರ್ಷದ ಕೊನೆಗೆ ಲೆಕ್ಕವನ್ನೂ ಕೇಳಿ.

ಹಣವಿಲ್ಲದವರು ಕೊಡಬಹುದಾದದ್ದೂ ಇದೆ. ನಮ್ಮಲ್ಲಿ ಮಗು ತುಳುವಿನಲ್ಲಿ ಉಂಡು, ಕನ್ನಡದಲ್ಲಿ ಆಡಿ, ಇಂಗ್ಲಿಷಿನಲ್ಲಿ ಪಾಠ ಕೇಳುತ್ತದೆ. ಕೊಂಕಣಿ, ಬ್ಯಾರಿ, ಕುಂದಗನ್ನಡದ ಮನೆಗಳದ್ದೂ ಇದೇ ಕತೆ. ಮಾತು ತಡವಾದ ಕೂಡಲೇ ಯಾರಾದರೂ "ಭಾಷೆ ಹೆಚ್ಚಾಯಿತು, ಮನೆಯಲ್ಲಿ ತುಳು ಬಿಡಿ" ಎನ್ನುತ್ತಾರೆ. ದಯವಿಟ್ಟು ಬಿಡಬೇಡಿ. ಹಲವು ಭಾಷೆ ಕೇಳಿದ್ದರಿಂದ ಭಾಷಾ ತೊಂದರೆ ಬರುವುದಿಲ್ಲ. ನಿಜವಾದ ತೊಂದರೆಯಿದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. "ವನಸ್ ಆಂಡಾ" (ಊಟ ಆಯಿತಾ) ಎಂದು ಕೇಳುವ ಅಜ್ಜಿಯನ್ನು ಸುಮ್ಮನಾಗಿಸಿದರೆ ಮಗುವಿಗೆ ದಿನವೂ ಸಿಗುತ್ತಿದ್ದ ಮಾತೇ ನಿಂತುಹೋಗುತ್ತದೆ. ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ, ಬರುವ ಭಾಷೆಯಲ್ಲೇ, ಮಗುವಿನ ಮುಖ ನೋಡಿ ಮಾತಾಡಿ. ಅದು ಹೇಳಿದ ಒಂದು ಪದಕ್ಕೆ ಇನ್ನೊಂದು ಪದ ಸೇರಿಸಿ ಮರಳಿ ಹೇಳಿ.

ಹೆತ್ತವರೇ, "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬೇಡಿ. ಕರೆದರೆ ತಿರುಗದ ಕೂಸಿಗೆ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹರಕೆ ಹೊತ್ತಿದ್ದರೆ ತೀರಿಸಿ, ಪರೀಕ್ಷೆಯನ್ನೂ ಮಾಡಿಸಿ. ಶಿಕ್ಷಕರೇ, ಆ ಮಗುವನ್ನು ಮುಂದಿನ ಬೆಂಚಿಗೆ ತನ್ನಿ. ಮೂರು ಸೂಚನೆಗಳನ್ನು ಒಂದೊಂದಾಗಿ ಹೇಳಿ, ಉತ್ತರಕ್ಕೆ ಕಾಯಿರಿ, ಎಲ್ಲರೆದುರು ಗಟ್ಟಿಯಾಗಿ ಓದಿಸಿ ನಗೆಪಾಟಲು ಮಾಡಬೇಡಿ. ನಿಮ್ಮ ಬಿಐಇಆರ್‌ಟಿಗೆ ಅದರ ಹೆಸರು ಕೊಡಿ.

ಕೊನೆಯದಾಗಿ ಒಂದೇ ಒಂದು ಕೆಲಸ. ಈ ವಾರ ನಿಮ್ಮ ಹತ್ತಿರದ ಶಾಲೆಗೋ ಅಂಗನವಾಡಿಗೋ ಹೋಗಿ ಕೇಳಿ: "ಥೆರಪಿ ಶುರುಮಾಡಿ ನಡುವೆ ನಿಲ್ಲಿಸಿದ ಮಗು ಇಲ್ಲಿ ಯಾವುದಾದರೂ ಇದೆಯೇ? ಮುಂದುವರಿಸಲು ಏನು ಬೇಕು?" ಉತ್ತರ ಬಹುಶಃ ಬಸ್ಸಿನ ಚಾರ್ಜಿನಷ್ಟು ಸಣ್ಣದಿರುತ್ತದೆ. ಅದನ್ನು ಈ ತಿಂಗಳು ಕೊಡಿ. ಬರುವ ತಿಂಗಳೂ ಕೊಡಿ.