ಹಿಡಿಕೆ ಎತ್ತುವ ಮುನ್ನ ಒಂದು ಕ್ಷಣ

ನಮ್ಮ ಕೊಡಂಬಲ, ಹುಮನಾಬಾದ, ಬಸವಕಲ್ಯಾಣ ಭಾಗದ ವ್ಯಾಪಾರಸ್ಥರಿಗೆ ವಿಮಾನ ಪ್ರಯಾಣ ಈಗ ಅಪರೂಪದ ಸಂಗತಿಯಲ್ಲ. ಹೆದ್ದಾರಿ ಹಿಡಿದು ಹೋದರೆ ಹೈದರಾಬಾದಿನ ಶಂಶಾಬಾದ ನಿಲ್ದಾಣವಿದೆ. ಬೀದರದಿಂದಲೂ 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ನಾಗರಿಕ ವಿಮಾನ ಸಂಚಾರ ಆರಂಭವಾಗಿ, ನಡುವೆ ಸ್ಥಗಿತಗೊಂಡು, 2025ರ ಏಪ್ರಿಲ್‌ನಲ್ಲಿ ಪುನರಾರಂಭಗೊಂಡಿತು. ವಿಮಾನದ ಬಾಗಿಲು ಮುಚ್ಚಿದೊಡನೆ ಧ್ವನಿವರ್ಧಕದಲ್ಲಿ ಸಿಬ್ಬಂದಿಗೆ ಒಂದು ಸೂಚನೆ ಬರುತ್ತದೆ: ಬಾಗಿಲುಗಳನ್ನು ಸಜ್ಜುಗೊಳಿಸಿ, ಪರಸ್ಪರ ತಾಳೆ ನೋಡಿ. ನಾವು ಅದನ್ನು ಕೇಳಿಯೂ ಕೇಳದಂತಿರುತ್ತೇವೆ. ತಾಳೆ ನೋಡುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಆ ಮಾತಿನ ಹಿನ್ನೆಲೆಯನ್ನು ಸದಸ್ಯರ ಗಮನಕ್ಕೆ ತರಬೇಕೆನಿಸಿತು.

ದೊಡ್ಡ ವಿಮಾನದ ಬಾಗಿಲಿನ ಕೆಳಭಾಗದಲ್ಲಿ ರಬ್ಬರು ಲೇಪಿತ ಬಟ್ಟೆಯ ಜಾರುಬಂಡೆಯೊಂದನ್ನು ಮಡಚಿ ಇಟ್ಟಿರುತ್ತಾರೆ. ಇದಕ್ಕೆ ಸ್ಲೈಡ್ ಎಂದು ಹೆಸರು. ಬಾಗಿಲನ್ನು ಸಜ್ಜುಗೊಳಿಸಿದಾಗ ಸ್ಲೈಡಿನ ಅಂಚಿನ ಸರಳು ನೆಲಕ್ಕೆ ಬಂಧಿತವಾಗುತ್ತದೆ. ಆ ಸ್ಥಿತಿಯಲ್ಲಿ ಒಳಗಿನಿಂದ ಬಾಗಿಲು ತೆರೆದರೆ ಸ್ಲೈಡ್ ಹೊರಬಿದ್ದು ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ ನಿಲ್ಲುತ್ತದೆ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡುಗಳಲ್ಲಿ ಎಲ್ಲರನ್ನೂ ಇಳಿಸಲು ಸಾಧ್ಯವೆಂದು ವಿಮಾನ ತಯಾರಕರು ಸಿದ್ಧಪಡಿಸಿ ತೋರಿಸಬೇಕು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಬೆಂಕಿ ಹತ್ತಿದ ಜಪಾನ್ ಏರ್‌ಲೈನ್ಸ್ ವಿಮಾನದ 379 ಮಂದಿಯೂ ಪಾರಾದದ್ದು ಎಂಟರಲ್ಲಿ ಕೇವಲ ಮೂರು ಬಾಗಿಲುಗಳ ಸ್ಲೈಡುಗಳಿಂದ.

ಆದರೆ ನಿಲ್ದಾಣ ತಲುಪಿದ ಬಳಿಕ ಸಜ್ಜನ್ನು ತೆಗೆಯಲು ಮರೆತು ಹಿಡಿಕೆ ಎತ್ತಿದರೆ ಅದೇ ಪ್ರಾಣರಕ್ಷಕವು ಅಪಾಯಕಾರಿಯಾಗುತ್ತದೆ. ಕೆಳಗೆ ನಿಂತ ಕೆಲಸಗಾರನಿಗೆ ಪೆಟ್ಟಾಗಬಹುದು. 2017ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಚಂಡೀಗಢಕ್ಕೆ ಹೊರಡಲಿದ್ದ ವಿಮಾನದಲ್ಲಿ ಪ್ರಯಾಣಿಕರೊಬ್ಬರು ತುರ್ತು ಬಾಗಿಲು ತೆರೆದುದರಿಂದ ಸ್ಲೈಡ್ ಹೊರಬಿದ್ದು ಸಹಪ್ರಯಾಣಿಕರಿಗೆ ಗಾಯವಾಯಿತು. ಖರ್ಚೂ ಅಲ್ಪವಲ್ಲ. 2010ರಲ್ಲಿ ನ್ಯೂಯಾರ್ಕಿನಲ್ಲಿ ಕೋಪದಿಂದ ಬೇಕೆಂದೇ ಸ್ಲೈಡ್ ಬಿಚ್ಚಿದ ಸಿಬ್ಬಂದಿಯೊಬ್ಬರು ಸಂಸ್ಥೆಗೆ 10,000 ಡಾಲರ್ ಭರಿಸಲು ಒಪ್ಪಬೇಕಾಯಿತು. ಹೊರಬಿದ್ದ ಸ್ಲೈಡನ್ನು ಅಲ್ಲೇ ಮಡಚಿ ಒಳಗಿಡುವಂತಿಲ್ಲ. ಮಾನ್ಯತೆ ಪಡೆದ ಕಾರ್ಯಾಗಾರಕ್ಕೆ ಕಳುಹಿಸಬೇಕು. ಬದಲಿ ದೊರೆಯದಿದ್ದರೆ ಪ್ರಯಾಣಿಕರ ಸಂಖ್ಯೆಯನ್ನು ಇಳಿಸಬೇಕು ಅಥವಾ ಸಂಚಾರವನ್ನೇ ರದ್ದುಪಡಿಸಬೇಕು.

ಹಾಗಾದರೆ ಬಾಗಿಲಿಗೆ ಇನ್ನೊಂದು ಬೀಗ ಏಕೆ ಬೇಡ ಎಂಬ ಪ್ರಶ್ನೆ ಸಹಜ. ಬೆಂಕಿ ಬಿದ್ದಾಗ ಆ ಬೀಗವೇ ಮೃತ್ಯುವಾದೀತು ಎಂಬುದೇ ಉತ್ತರ. ಎ-320 ವಿಮಾನಗಳ ಮುಂಬಾಗಿಲುಗಳನ್ನು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಬಹುಕಾಲದಿಂದ ತಯಾರಿಸುತ್ತ ಬಂದಿದೆ. ಬಾಗಿಲು ಎಷ್ಟೇ ನಿಖರವಾಗಿ ತಯಾರಾದರೂ ಹಿಡಿಕೆ ಎತ್ತುವುದು ಮನುಷ್ಯನ ಕೈ. ದಿನಕ್ಕೆ ಹಲವು ಸಲ ಅದೇ ಕೆಲಸ ಮಾಡುವ ಕೈ, ಆಯಾಸವಾದಾಗ ಅಥವಾ ಯಾರಾದರೂ ನಡುವೆ ಮಾತನಾಡಿಸಿದಾಗ, ಮನಸ್ಸನ್ನು ಕೇಳದೆಯೇ ಚಲಿಸುತ್ತದೆ.

ಆದ್ದರಿಂದ ವಿಮಾನ ಸಂಸ್ಥೆಗಳು ನಂಬಿರುವುದು ಕ್ರಮವನ್ನು. ಒಬ್ಬರು ಸಜ್ಜು ತೆಗೆದರೆ ಇನ್ನೊಬ್ಬರು ಕಣ್ಣಾರೆ ನೋಡಿ ಖಚಿತಪಡಿಸುತ್ತಾರೆ. ಹಿಡಿಕೆ ಮುಟ್ಟುವ ಮುನ್ನ ಸೂಚಕವನ್ನು ನೋಡುತ್ತಾರೆ. ಎ-320 ವಿಮಾನದಲ್ಲಿ ಹಿಡಿಕೆಯನ್ನು ತುಸು ಎತ್ತಿದಾಗ ಬಿಳಿ ದೀಪ ಬೆಳಗಿದರೆ ಸಜ್ಜು ಇನ್ನೂ ಇದೆಯೆಂದರ್ಥ, ಕೂಡಲೇ ಇಳಿಸಬೇಕು. ವಿಮಾನ ನಿಲ್ಲುವ ಮೊದಲೇ ಎದ್ದು ನಿಂತು ಸಿಬ್ಬಂದಿಯ ಗಮನ ಕೆಡಿಸುವ ನಾವೂ ಈ ತಪ್ಪಿಗೆ ಪಾಲುದಾರರಾಗುತ್ತೇವೆ ಎಂಬುದನ್ನು ಮರೆಯಬಾರದು.

ಇಂಥ ತಪ್ಪಾದಾಗ ನಷ್ಟವನ್ನು ನೌಕರರಿಂದಲೇ ವಸೂಲು ಮಾಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೇಕೆಂದೇ ಮಾಡಿದ್ದು ಬೇರೆ, ಕೈತಪ್ಪಿ ಆದದ್ದು ಬೇರೆ. ನಾನು ಲೆಕ್ಕಪರಿಶೋಧನೆ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ ಗುಮಾಸ್ತನೊಬ್ಬ ಒಂದೇ ಬಿಲ್ಲಿನ ಹಣವನ್ನು ಎರಡು ಸಲ ಪಾವತಿಸಿದ. ತಾನಾಗಿಯೇ ಬಂದು ಹೇಳಿದ. ಮಾಲೀಕರು ಅವನ ಸಂಬಳದಲ್ಲಿ ಕಡಿತ ಮಾಡಿದರು. ಮರುವರ್ಷ ಅಂಥದ್ದೇ ತಪ್ಪು ನಡೆದಾಗ ಯಾರೂ ಬಾಯಿ ಬಿಡಲಿಲ್ಲ. ವರ್ಷಾಂತ್ಯದಲ್ಲಿ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಹಣ ಪಡೆದವರು ಅಂಗಡಿ ಮುಚ್ಚಿ ಹೋಗಿದ್ದರು. ಮೊದಲ ವರ್ಷ ಉಳಿದದ್ದು ಕೆಲವು ಸಾವಿರ, ಮುಂದಿನ ವರ್ಷ ಹೋದದ್ದು ಅದರ ಹಲವು ಪಟ್ಟು.

ಹುಮನಾಬಾದಿನ ಕೈಗಾರಿಕಾ ಘಟಕವಿರಲಿ, ಬಸವಕಲ್ಯಾಣದ ಅಂಗಡಿಯಿರಲಿ, ಹಿಂದಕ್ಕೆ ಪಡೆಯಲಾಗದ ಕೆಲಸಗಳು ಕೆಲವು ಇದ್ದೇ ಇರುತ್ತವೆ: ಬ್ಯಾಂಕ್ ವರ್ಗಾವಣೆ, ಒತ್ತಡದ ಕವಾಟ ತೆರೆಯುವುದು, ಸರಕಿನ ಲಾರಿ ಬಿಡುವುದು. ಅಂಥ ಪ್ರತಿಯೊಂದು ಕೆಲಸಕ್ಕೂ ಎರಡನೆಯ ಕಣ್ಣೊಂದನ್ನು ನೇಮಿಸಿ. ಆ ಕ್ಷಣದಲ್ಲಿ ಕೆಲಸಗಾರನನ್ನು ಮಾತನಾಡಿಸಬೇಡಿ, ಫೋನು ಮಾಡಬೇಡಿ. ತಪ್ಪು ಹೇಳಿಕೊಂಡು ಬಂದವನನ್ನು ದಂಡಿಸದೆ, ತಪ್ಪಿಗೆ ಎಡೆಗೊಟ್ಟ ಕ್ರಮವನ್ನು ತಿದ್ದಿರಿ. ಇದಕ್ಕೆ ಬಂಡವಾಳ ಬೇಡ. ಮಾಲೀಕರ ಸಂಯಮ ಬೇಕು. ಸದಸ್ಯರು ಈ ವಿಷಯವನ್ನು ಪರಿಶೀಲಿಸಬೇಕೆಂದು ವಿನಂತಿ.